ಅವ್ವನ ಗಂಡ

ನಾನು ಬಹಳ ಕಾಲ ಒಬ್ಬ ಸತ್ತ ದಂಡನಾಯಕನ ಹೆಸರು ಹೇಳಿಕೊಂಡು ಮರ್ಯಾದೆಯಿಂದ ಬದುಕಿದವನು. ಕುಷ್ಟಗಿಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದಾಗ ಅವನ ಯುದ್ಧಗಳೆಲ್ಲ ನನಗೆ ಬಾಯಿಪಾಠ. ನಿವೃತ್ತನಾದ ಮೇಲೂ ಗಂಗಾವತಿಯಿಂದ ಯಲಬುರ್ಗಾದವರೆಗೆ ಯಾರು ಶಾಲು ಹೊದಿಸುತ್ತೇವೆಂದರೂ ಹೋಗಿ ಅವನ ಬಿರುದುಗಳನ್ನು ಒಪ್ಪಿಸಿ ಬಂದಿದ್ದೇನೆ. ಅವನ ಹೆಂಡತಿಯ ಹೆಸರು ಮಾತ್ರ ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದೂ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ತಪ್ಪು ಪೂರ್ತಿ ನನ್ನದಲ್ಲ. ಹುಲಿಹೈದರದ ಆಚೆ ಒಂದು ಸಣ್ಣ ಊರಿನಲ್ಲಿ ಅವನ ಶಾಸನವಿದೆ; ಕಲ್ಲಿನ ಮೇಲ್ಭಾಗದಲ್ಲಿ ಅವನ, ಅವನ ಹೆಂಡತಿಯ ಶಿಲ್ಪ, ಕೆಳಗೆ ಬರಹ. ಅದರಲ್ಲಿ ಅವನು ಗೆದ್ದ ಕೋಟೆಗಳಿವೆ, ದತ್ತಿ ಬಿಟ್ಟ ಹೊಲದ ನಾಲ್ಕೂ ಎಲ್ಲೆಗಳಿವೆ, ಏರುತ್ತಿದ್ದ ಆನೆಯ ಹೆಸರೂ ಇದೆ. ಹೆಂಡತಿ ಮಾತ್ರ ‘ಮನೋನಯನವಲ್ಲಭೆ’, ಅಂದರೆ ಮನಸ್ಸಿಗೂ ಕಣ್ಣಿಗೂ ಪ್ರಿಯಳಾದವಳು. ಇಷ್ಟು ಪ್ರಿಯಳಾದವಳನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದನೋ. ನಮ್ಮ ಕಡೆಯ ಗಂಡಸರ ಹಾಗೆ ‘ಏ, ಇಲ್ಲಿ ಬಾ’ ಎಂದೇ ಇರಬೇಕು. ಆನೆ ಹಾಗೆಲ್ಲ ಕರೆದರೆ ಬರುವುದಿಲ್ಲ. ಅದಕ್ಕೆ ಹೆಸರು ಬೇಕು.

ಈ ಕಲ್ಲಿನ ಪಕ್ಕ ಒಂದು ಬೋರ್ಡು ಹಾಕಿಸಲು ಊರಿನ ಹಿರಿಯರು ಹೊರಟರು. ಎಂಟು ಸಾಲು ಮೀರದಂತೆ ಬರೆದುಕೊಡಿ ಎಂದರು. ಬರೆದೆ. ‘ಪಕ್ಕದಲ್ಲಿ ಪತ್ನಿ’ ಎಂಬುದೂ ಸೇರಿ ಏಳು ಸಾಲು ದಂಡನಾಯಕ; ಎಂಟನೆಯದು ನನ್ನ ಹೆಸರು.

ಕಲ್ಲಿನ ಜೊತೆ ಒಮ್ಮೆ ತಾಳೆ ನೋಡೋಣವೆಂದು ಹೋದಾಗ ಹನುಮವ್ವ ಎಂಬ ಹಿರಿಯರೊಬ್ಬರು ಶಿಲ್ಪಕ್ಕೆ ಅರಿಷಿಣ ಹಚ್ಚುತ್ತಿದ್ದರು. ದಂಡನಾಯಕನಿಗಲ್ಲ, ಪಕ್ಕದಲ್ಲಿ ನಿಂತವಳಿಗೆ. ಎಷ್ಟು ತಲೆಮಾರಿನ ಕೈಗಳೋ, ಅವಳ ಮುಖ ಸವೆದು ಮೂಗೂ ಉಳಿದಿಲ್ಲ. ಯಾರೂ ಮುಟ್ಟದ ದಂಡನಾಯಕನ ಮೀಸೆ ನಿನ್ನೆ ಕೆತ್ತಿದ ಹಾಗಿದೆ.

“ಇವರು ಯಾರು ಗೊತ್ತೈತೇನ್ರಿ?” ಎಂದು ಆ ಮೀಸೆ ತೋರಿಸಿ ಕೇಳಿದೆ, ಪಾಠ ಶುರು ಮಾಡುವ ಉಮೇದಿನಲ್ಲಿ.

“ಅವ್ವನ ಗಂಡ್ರಿ,” ಎಂದರು. ಸ್ವಲ್ಪ ತಡೆದು, “ಏನ್ ಕೆಲಸ ಮಾಡ್ತಿದ್ರೋ ಗೊತ್ತಿಲ್ರಿ.”

ನನ್ನ ಅಷ್ಟು ವರ್ಷಗಳ ನೌಕರಿ ಅಲ್ಲಿಗೆ ಮುಗಿಯಿತು. ಸಾವರಿಸಿಕೊಂಡು ಬೋರ್ಡಿನ ಬರಹವನ್ನು ಓದಿ ಹೇಳಿದೆ. ಅವರು ಕೈಯ ಅರಿಷಿಣ ಒಣಗುವವರೆಗೆ ಕೇಳಿದರು.

“ಇದರಾಗ ನಮ್ಮವ್ವ ಎಲ್ಲಿ ಅದಾಳ್ರಿ?”

“ಪತ್ನಿ ಅಂತ ಐತಲ್ರಿ.”

“ಪತ್ನಿ ಅಂದ್ರ ಯಾರರೆ ಆಗಬಹುದಲ್ರಿ, ಸರ. ಮಕ್ಕಳಿಗೆ ಜ್ವರ ಬಂದ್ರ, ಹೊಲ ಬಿತ್ತೂದಿದ್ರ, ನಾವು ಆಕೀನ್ನ ಕೇಳೂದು. ನಾಳಿ ಹುಡುಗ್ರು ನಿಮ್ಮ ಬೋರ್ಡ್ ಓದಿ ಇದು ಆತನ ಕಲ್ಲು ಅಂತಾರ. ಆಮ್ಯಾಲೆ ಆಕೀಗೆ ಕುಂಕುಮ ಯಾರು ಹಚ್ತಾರ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನನಗೆ ನಾಚಿಕೆಯಾಯಿತು. ಅವ್ವನಿಗೆ ಒಂದು ಪೂರ್ತಿ ಸಾಲು, ಅದೂ ಮೊದಲನೆಯದನ್ನೇ, ಕೊಡಬೇಕೆಂದು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಆದರೆ ತೆಗೆಯುವುದು ಯಾವುದನ್ನು? ಯುದ್ಧ ಬಿಡುವಂತಿಲ್ಲ, ದತ್ತಿ ಬಿಡುವಂತಿಲ್ಲ. ಆನೆಯನ್ನು ಕೈಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಎಂಟನೆಯ ಸಾಲನ್ನು ಹೊಡೆದುಹಾಕಿದೆ. ಅದಕ್ಕೆ ಒಂದು ಗಂಟೆ ಹಿಡಿಯಿತು. ದಂಡನಾಯಕ ಕೆಲವು ಕೋಟೆಗಳನ್ನಾದರೂ ಇದಕ್ಕಿಂತ ಬೇಗ ಗೆದ್ದಿರಬೇಕು.

ಬೋರ್ಡು ನಿಂತ ದಿನ ಹನುಮವ್ವ ಅದನ್ನು ಮೊಮ್ಮಗಳಿಂದ ಓದಿಸಿದರು. ‘ಊರವರೆಲ್ಲ ಅವ್ವ ಎಂದು ಕರೆಯುವ ತಾಯಿ ಇವರು’ ಎಂದು ಶುರುವಾದದ್ದನ್ನು ಎರಡು ಸಲ ಕೇಳಿಸಿಕೊಂಡರು. ಪೂರ್ತಿ ಮುಗಿದ ಮೇಲೆ ನನ್ನತ್ತ ತಿರುಗಿ, “ಬರದಾವ್ರು ನೀವಲ್ರಿ? ನಿಮ್ಮ ಹೆಸರ ಇಲ್ಲಲ್ರಿ,” ಎಂದರು.

“ಜಾಗ ಸಾಲಲಿಲ್ರಿ,” ಎಂದೆ, ತ್ಯಾಗಿಯ ಮುಖ ಮಾಡಿಕೊಂಡು.

“ಹೌದೇನ್ರಿ,” ಎಂದು ಅವರು ಅವ್ವನ ಹಣೆಗೆ ಕುಂಕುಮ ಇಟ್ಟರು. “ಈ ಕಲ್ಲು ಕೆತ್ತಿದಾವನೂ ಅವ್ವಗ ಹಂಗ ಹೇಳಿರಬೇಕು, ನೋಡ್ರಿ.”