ಮುಂಗ್ಲಿ ಹಾಕಿದ ಊಟ

ಊಟಕ್ಕೆ ಕೂತಾಗಲೆಲ್ಲ ಮುಂಗ್ಲಿ ಟುಡು ಐದು ಹೆಸರು ಹೇಳುತ್ತಿದ್ದಳು. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ನಮ್ಮ ಹ್ಯಾಂಗರ್ ಪಕ್ಕದ ಕ್ಯಾಂಟೀನಿನಲ್ಲಿ, ತಟ್ಟೆ ಮುಂದಿಟ್ಟುಕೊಂಡು, ಕಣ್ಣು ಮುಚ್ಚದೆ, ತುಟಿ ಮಾತ್ರ ಅಲ್ಲಾಡಿಸುತ್ತ. ನಾನದನ್ನು ಪ್ರಾರ್ಥನೆ ಎಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ದೇವ್ರಲ್ಲ ಅಕ್ಕ. ನನ್ನ ಊರಿಂದ ಓಡಿಸಿದೋರು. ಮರ್ತೋಗ್ಬಾರ್ದಲ್ಲ, ಅದಕ್ಕೇ ದಿನಾ ಒಂದ್ಸಲ ಹೇಳ್ಕೋತೀನಿ," ಎಂದು ಅನ್ನ ಕಲಸತೊಡಗಿದಳು. "ಹೇಳಿದ್ರೆ ಹಸಿವೂ ಚೆನ್ನಾಗಾಗತ್ತೆ."

ಮುಂಗ್ಲಿ ಜಾರ್ಖಂಡಿನ ಸಂತಾಲ ಬುಡಕಟ್ಟಿನವಳು. ವಿಮಾನದ ಹೊರಮೈ ತಗಡು ರಿಪೇರಿ ಮಾಡುವ ಟೆಕ್ನಿಷಿಯನ್. ನಾನು ಅವಳ ಕೆಲಸ ನೋಡಿ ಸಹಿ ಹಾಕುವ ಇನ್‌ಸ್ಪೆಕ್ಟರ್. ಒಮ್ಮೆ ನಾನು ಹ್ಯಾಂಗರಿನಲ್ಲಿ ನಿಂತು ಮೈಸೂರಿನ ಅಮ್ಮನ ಮೇಲೆ ಫೋನಿನಲ್ಲಿ ರೇಗುತ್ತಿದ್ದಾಗ ರೆಕ್ಕೆಯ ಕೆಳಗಿನಿಂದ ಒಂದು ದನಿ ಬಂತು: "ಅಮ್ಮನ್ ಹತ್ರ ಯಾಕಕ್ಕ ಹಂಗಾಡ್ತೀರಾ?" ಬಗ್ಗಿ ನೋಡಿದರೆ ಇವಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಕಾಲರ್ ಹೊಲಿದು, ಪಕ್ಕದ ಮಷೀನಿನ ಹೆಂಗಸರಿಂದ ಕನ್ನಡ ಕಲಿತು, ಐಟಿಐ ಮುಗಿಸಿ, ಅಲ್ಲಿಂದ ಈ ದೇಶಕ್ಕೆ ವಿಮಾನದ ಕೆಲಸಕ್ಕೆ ಬಂದವಳು. ಗಿಡ್ಡ ಆಳು, ಗಟ್ಟಿ ಭುಜ. ನಕ್ಕರೂ ಹುಬ್ಬಿನ ಗಂಟು ಬಿಚ್ಚುತ್ತಿರಲಿಲ್ಲ. ಮನೆಗೆ ಕರೆದುಕೊಂಡು ಹೋದಾಗ ನನ್ನ ಮಗಳು ಕಿವಿಯಲ್ಲಿ, "ಮಮ್ಮಿ, ಆ ಆಂಟಿ ಸ್ಕೇರಿ ಲಾ," ಎಂದಿದ್ದಳು.

ಒಮ್ಮೆ ಅವಳು ತಗಡು ಜೋಡಿಸಲು ಹೊಡೆದ ರಿವೆಟ್‌ಗಳ ಸಾಲಿನಲ್ಲಿ ಒಂದನ್ನು ನಾನು ರಿಜೆಕ್ಟ್ ಮಾಡಿದೆ. ಮುಂಗ್ಲಿ ಸಾಲಿಗೆ ಸಾಲನ್ನೇ ಕಿತ್ತಳು. ಅಷ್ಟೆಲ್ಲ ಬೇಡ ಎಂದರೆ, "ಒಂದು ಕೆಟ್ಟಿದ್ರೆ ಪಕ್ಕದ್ದು ಸುಮ್ನೆ ನೋಡ್ತಾ ಇತ್ತಲ್ಲ ಅಕ್ಕ," ಎಂದಳು. ಆ ಮಾತು ಎಲ್ಲಿಂದ ಬಂದದ್ದೆಂದು ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಕಲ್ಲಾಂಗ್‌ನಲ್ಲಿ ಅವಳ ಬಾಡಿಗೆ ರೂಮಿದ್ದ ಬ್ಲಾಕಿನ ಕೆಳಗೆ ಗೋಡೆಯಿಲ್ಲದ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ, ಕಲ್ಲುಮೇಜಿನ ಎರಡು ಬದಿಗೆ ನಾವು ಕೂತಿದ್ದಾಗ.

ಅವಳಿಗೆ ಹತ್ತೊಂಬತ್ತಾಗಿದ್ದಾಗ ಅಪ್ಪ ತೀರಿಕೊಂಡ. ಅಣ್ಣತಮ್ಮಂದಿರಿಲ್ಲ. ಮಳೆ ಬಂತು, ಉಳುವವರಿಲ್ಲ. ಹೊಲ ಬೀಳುಬಿದ್ದರೆ ತನ್ನ ಕೈಗೆ ಬರುತ್ತದೆಂದು ಅವಳ ಚಿಕ್ಕಪ್ಪ, ಯಾರೂ ಸಹಾಯಕ್ಕೆ ಹೋಗಕೂಡದೆಂದು ಊರಿಗೆಲ್ಲ ಹೇಳಿದ. ಹೆಂಗಸು ನೇಗಿಲು ಮುಟ್ಟಿದರೆ ಮಳೆ ನಿಲ್ಲುತ್ತದೆ, ಅವಳು ಉತ್ತು ಬೆಳೆದದ್ದನ್ನು ಉಂಡವರಿಗೂ ಜಾತಿ ಹೋಗುತ್ತದೆಂದು ಅವಳ ಊರಿನ ನಂಬಿಕೆ. ಮುಂಗ್ಲಿ ಮೂರು ದಿನ ಕಾದಳು. ನಾಲ್ಕನೆಯ ದಿನ ಎತ್ತು ಕಟ್ಟಿದಳು.

"ಅರ್ಧ ಹೊಲ ಆಗಿತ್ತು ಅಕ್ಕ. ಬಂದ್ರು. ಒಂದ್ ಎತ್ತು ಬಿಚ್ಚಿ ಆ ಜಾಗಕ್ಕೆ ನನ್ನ ಕಟ್ಟಿದ್ರು. ಎಳೆಸಿದ್ರು. ಆಮೇಲೆ ಹುಲ್ಲು ತಂದು ಮುಂದೆ ಹಾಕಿ, ತಿನ್ನು ಅಂದ್ರು."

"ತಿಂದ್ಯಾ?"

"ಅಮ್ಮನ ಕುತ್ತಿಗೆ ಹಿಡ್ಕೊಂಡಿದ್ರಲ್ಲ. ತಿಂದೆ."

ತೀರ್ಪು ಕೊಟ್ಟ ಊರ ಮುಖ್ಯಸ್ಥ, ಹೇಳಿಕೊಟ್ಟ ಚಿಕ್ಕಪ್ಪ, ನೊಗ ಕಟ್ಟಿದವನು, ಹುಲ್ಲು ತಂದವನು, ನಿಂತು ನಕ್ಕ ಚಿಕ್ಕಮ್ಮ. ಐದು ಹೆಸರು. ಜಾತಿಯಿಂದ ಹೊರಹಾಕಿಸಿಕೊಂಡ ತಾಯಿ ಮಗಳು ಊರಗಡಿಯಾಚೆ ಕಾಡಂಚಿನ ತುಂಡು ಜಾಗದಲ್ಲಿ ಗುಡಿಸಲು ಹಾಕಿಕೊಂಡರು. ಒಂದೇ ವರ್ಷದಲ್ಲಿ ತಾಯಿ ಸತ್ತಳು. ಹೆಣ ಹೊರಲು ಒಬ್ಬನೂ ಬರಲಿಲ್ಲ. ಮುಂಗ್ಲಿ ಒಬ್ಬಳೇ ಎಳೆದುಕೊಂಡು ಹೋಗಿ ಸುಟ್ಟು, ಮೂಳೆಯ ಚೂರುಗಳನ್ನು ಮಡಕೆಯಲ್ಲಿಟ್ಟು ಮರದಡಿ ಹೂತು, ರೈಲು ಹತ್ತಿದಳು. ಆ ಮೂಳೆಗಳನ್ನು ದಾಮೋದರ ನದಿಗೆ ಬಿಡಬೇಕು, ಅದು ಗಂಡಸರ ಕೆಲಸ, ಮಾಡುವವರಿರಲಿಲ್ಲ.

ಈ ಕತೆಯನ್ನು ನಾನು ಬಾಯಿ ಸುಮ್ಮನಿರದೆ ಬ್ಯೂನಾ ವಿಸ್ಟಾದ ನಮ್ಮ ಕಾಂಡೋದ ಶೈಲಾ ಆಂಟಿಗೆ ಹೇಳಿದ್ದೆ. ಅವರ ಮನೆಯ ಯುಗಾದಿ ಊಟಕ್ಕೆ ಮುಂಗ್ಲಿಯನ್ನು ಕರೆದುಕೊಂಡು ಹೋದಾಗ ಆಂಟಿ ಮರುಗಿದರು: "ಪಾಪ, ಟ್ರೈಬಲ್ಸ್ ಅಲ್ವಾ, ಅವ್ರೆಲ್ಲಾ ಇನ್ನೂ ತುಂಬಾ ಬ್ಯಾಕ್‌ವರ್ಡು."

ಮುಂಗ್ಲಿ ಒಬ್ಬಟ್ಟು ಕೆಳಗಿಟ್ಟಳು. "ಆಂಟಿ, ನಿಮ್ಮೂರ್ ಕಡೆ ಎಲ್ಲಾರೂ ಎಲ್ಲಾರ್ ಜೊತೆ ಕೂತು ಉಣ್ತಾರಾ? ಅವ್ರನ್ನ ಬೈಯೋ ಹಕ್ಕು ನಂದು. ನಿಮ್ಗೆ ಕೊಟ್ಟಿಲ್ಲ."

ಆಂಟಿ ಅವತ್ತಿನಿಂದ ನನ್ನನ್ನೂ ಕರೆಯುವುದು ಬಿಟ್ಟರು.

ಒಂದು ದಿನ ಊರ ಮುಖ್ಯಸ್ಥ ಸತ್ತ ಸುದ್ದಿ ಬಂತು. ಕಾಡಂಚಿನಲ್ಲೇ ಇದ್ದ ಒಬ್ಬ ವಿಧವೆ ಆಗಾಗ ಫೋನ್ ಮಾಡಿ ಊರಿನ ವರ್ತಮಾನ ತಿಳಿಸುತ್ತಿದ್ದಳು. ಮುಂಗ್ಲಿಗೆ ಸಂತೋಷವಾಗಬಹುದೆಂದು ನಾನಂದುಕೊಂಡೆ. ಅವಳು ತಟ್ಟೆ ಆಚೆ ತಳ್ಳಿದಳು. "ನಿದ್ದೇಲಿ ಹೋದ್ನಂತೆ ಅಕ್ಕ. ತಪ್ಪಿಸ್ಕೊಂಡ." ಅವಳ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ. ಅದು ಸಿಟ್ಟಿನ ನೀರು.

ಅದಾಗಿ ಕೆಲವು ತಿಂಗಳಿಗೆ ಚಿಕ್ಕಪ್ಪನೇ ಫೋನ್ ಮಾಡಿದ. ಮನೆತನದಲ್ಲಿ ಜಾತಿಯಿಂದ ಹೊರಹಾಕಿಸಿಕೊಂಡವಳಿದ್ದಾಳೆಂದು ಅವನ ಮೊಮ್ಮಗಳಿಗೆ ಗಂಡು ಸಿಗುತ್ತಿರಲಿಲ್ಲ. ಬಂದು ಹಿರಿಯರ ಕಾಲು ತೊಳೆದು ಊರಿಗೆ ಊಟ ಹಾಕಿದರೆ ವಾಪಸ್ ಸೇರಿಸಿಕೊಳ್ಳುತ್ತೇವೆ ಎಂದ. ಅದು ಅವರ ಪದ್ಧತಿಯೇ.

"ಬರ್ತೀನಿ ಅಂದೆ," ಎಂದು ಮುಂಗ್ಲಿ ನನಗೆ ಬಸ್ಸಿನಲ್ಲಿ ಹೇಳಿದಳು. "ಪೈರು ಮನೆಗೆ ಬಂದ್ಮೇಲೆ ಬರ್ತೀನಿ ಅಂದೆ. ಈ ಮಳೆಗಾಲಕ್ಕೆ ರಜ ಹಾಕ್ತೀನಿ ಅಕ್ಕ. ಆ ಕಾಡಂಚಿನ ಜಾಗ ಇದ್ಯಲ್ಲ, ಅದನ್ನ ನಾನೇ ಉಳ್ತೀನಿ. ಎತ್ತು, ಮರದ ನೇಗಿಲು. ಆ ಭತ್ತದ್ದೇ ಊಟ."

ನಾನು ಅವಳ ಕಡೆ ತಿರುಗಿದೆ. "ಅವರಿಗೆ ಹೇಳದೇನಾ? ಮುಂಗ್ಲಿ, ಕೊಂದು ಹಾಕ್ತಾರೆ ಕಣೆ. ಅದೂ ಅಲ್ದೆ, ಅನ್ನದಲ್ಲಿ ಮೋಸ ಮಾಡ್ಬಾರ್ದು."

"ಅವ್ರು ನನಗೆ ಹುಲ್ಲು ತಿನ್ಸಿದ್ರು. ನಾನು ಅನ್ನ ತಿನ್ನಿಸ್ತೀನಿ. ಅದ್ರಲ್ಲಿ ಮೋಸ ಏನ್ ಬಂತು?"

ಮಳೆಗಾಲದ ರಜೆ ಮುಗಿಸಿ ಬಂದಾಗ ಅವಳ ಅಂಗೈ ತುಂಬ ಬೊಬ್ಬೆ. ಸೂಪರ್‌ವೈಸರ್ ಕೇಳಿದ್ದಕ್ಕೆ ಜಿಮ್ ಎಂದಳು. ಗದ್ದೆಯನ್ನು ವಿಧವೆ ನೋಡಿಕೊಂಡಳು. ವರ್ಷದ ಕೊನೆಗೆ ಮುಂಗ್ಲಿ ಮತ್ತೆ ಹೋದಳು. ಆ ಎರಡು ವಾರ ನಾನು ಫೋನ್ ಕೈಯಲ್ಲೇ ಹಿಡಿದು ಓಡಾಡಿದೆ.

ಬಂದವಳು ಮೊದಲು ರಾಜೀನಾಮೆ ಕೊಟ್ಟಳು. ಆಮೇಲೆ ಕಲ್ಲಾಂಗ್‌ನ ನದಿ ದಂಡೆಯಲ್ಲಿ ಕೂತು ಎಲ್ಲ ಹೇಳಿದಳು.

"ಕಾಲು ತೊಳೆದೆ ಅಕ್ಕ. ಬೆರಳ ಸಂದಿ ಸಂದೀನೂ ತೊಳೆದೆ. ಹೊಸ ಮುಖ್ಯಸ್ಥ ನನ್ನ ಕೈ ನೀರು ಕುಡಿದು, ಇವಳು ನಮ್ಮವಳು ಅಂದ. ಎಲ್ಲಾ ಉಂಡ್ರು. ಚಿಕ್ಕಪ್ಪ ಎರಡು ಸಲ ಬಡಿಸ್ಕೊಂಡ. ಕೊನೇ ಎಲೆ ಎತ್ತಿದ್ಮೇಲೆ ಗುಡಿಸಲ ಹಿಂದಿಂದ ನೇಗಿಲು ತಂದು ನಡುವೆ ಇಟ್ಟೆ. ನೀವು ಉಂಡಿದ್ದು ಇದರದ್ದು, ಉತ್ತಿದ್ದು ನಾನು ಅಂದೆ."

"ಹೊಡೀಲಿಲ್ವಾ?"

"ಒಬ್ಬ ಎದ್ದ. ಮುಖ್ಯಸ್ಥ, ನೀನು ಮತ್ತೆ ಹೊರಗೆ ಅಂದ. ಸರಿ, ನಾನು ಹೊರಗೆ ಅಂದೆ. ನನ್ನ ಅನ್ನ ಹೊಟ್ಟೇಲಿ ಇಟ್ಕೊಂಡಿರೋ ನೀವು ಎಲ್ಲಿಗೆ ಹೋಗ್ತೀರಾ? ಪಕ್ಕದೂರೋರು ನಿಮ್ಮನೆ ಹೆಣ್ಣು ತಗೋತಾರಾ ಅಂದೆ. ಎದ್ದೋನು ಕೂತ."

ಚಿಕ್ಕಪ್ಪ ಮರದ ಹಿಂದೆ ಹೋಗಿ ಬಾಯಿಗೆ ಬೆರಳು ಹಾಕಿ ಕಾರಿಕೊಂಡನಂತೆ. ಮರುದಿನ ಬೆಳಿಗ್ಗೆ ಕೈ ಮುಗಿದುಕೊಂಡು ಬಂದ. ಪಕ್ಕದೂರಿನ ಯಾರಿಗೂ ಹೇಳಬೇಡ ಎಂದ. ಮುಂಗ್ಲಿ ಎರಡು ಕೇಳಿದಳು. ಒಂದು, ಅಮ್ಮನ ಮೂಳೆಯ ಮಡಕೆಯನ್ನು ಅವನೇ ತಲೆಯ ಮೇಲೆ ಹೊತ್ತು ನಡೆದು ದಾಮೋದರಕ್ಕೆ ಬಿಡಬೇಕು. ಇನ್ನೊಂದು, ಅಪ್ಪನ ಹೊಲ. ಅವನು ಎರಡು ದಿನ ಬರಿಗಾಲಲ್ಲಿ ನಡೆದ. ಇವಳು ಹಿಂದೆ ಹಿಂದೆಯೇ ನಡೆದಳು, ಅವನನ್ನು ಒಮ್ಮೆಯೂ ಕೂರಗೊಡದೆ.

"ಆ ಮೊಮ್ಮಗಳು ಏನ್ ಮಾಡಿದ್ಲು ಪಾಪ?" ಎಂದೆ.

"ಅವಳ ಮದ್ವೆ ಆಗ್ಲಿ. ನಾನು ಬಾಯಿ ಬಿಡಲ್ಲ. ಆದ್ರೆ ಬಿಡಬಹುದು ಅನ್ನೋ ಭಯ ಅವನಿಗೆ ಸಾಯೋ ತನಕ ಇರ್ಲಿ."

"ಸಮಾಧಾನ ಆಯ್ತಾ?"

"ಸಮಾಧಾನಕ್ಕೆ ಮಾಡಿದ್ದಲ್ಲ ಅಕ್ಕ."

ತಿಂಗಳ ನೋಟಿಸ್ ಮುಗಿಸಿ ಹೊರಟಳು. ಚಾಂಗಿ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟಾಗ ನನ್ನ ಕೈಯನ್ನು ಮೂಳೆ ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಮತ್ತೆ ಅವಳನ್ನು ನೋಡಿಲ್ಲ.

ಈ ಸಲ ಅಲ್ಲಿ ಮಳೆ ಶುರುವಾದ ಮೇಲೆ ಅವಳ ಒಂದು ವಾಯ್ಸ್ ಮೆಸೇಜ್ ಬಂತು. ಏದುಸಿರು, ನಡುನಡುವೆ ಎತ್ತುಗಳಿಗೆ ಸಂತಾಲಿಯಲ್ಲಿ ಗದರಿಕೆ.

"ಅಕ್ಕ, ಅಪ್ಪನ ಹೊಲ ಉಳ್ತಾ ಇದೀನಿ. ಇನ್ನೂ ಅರ್ಧ ಇದೆ. ಚಿಕ್ಕಪ್ಪ ಬದುವಿನ ಮೇಲೆ ಕೂತು ನೋಡ್ತಾ ಇದಾನೆ. ನಾನೇ ಕೂರಿಸಿದೀನಿ."