ಬಾಲಚಂದ್ರಪ್ಪನವರ ಹನ್ನೊಂದನೇ ಅಂಕಿ

ವಡೋದರಾದ ಮಾಂಜಲ್‌ಪುರದಲ್ಲಿ ನಮಗೆ ಬಾಡಿಗೆ ಮನೆ ಸಿಗಬೇಕಾದರೆ ನನ್ನ ಮೊಬೈಲ್ ನಂಬರು ಗಣಿತದಲ್ಲಿ ಪಾಸಾಗಬೇಕಿತ್ತು. ನಾನೇ ಪಾಸಾದದ್ದು ದೇವರ ದಯೆಯಿಂದ. ಇನ್ನು ನನ್ನ ನಂಬರಿನ ಪಾಡೇನು!

ಮನೆಯ ಮಾಲೀಕರು ಗದಗಿನ ಕಡೆಯ ಬಾಲಚಂದ್ರಪ್ಪನವರು. ರೈಲ್ವೆಗೆ ಸೇರಿ ಇಲ್ಲಿಗೆ ಬಂದವರು, ಸರ್ವೀಸೆಲ್ಲ ಗೂಡ್ಸ್ ಗಾಡಿಯ ವ್ಯಾಗನ್ ನಂಬರು ನೋಡುತ್ತಲೇ ಕಳೆದು ನಿವೃತ್ತರಾದರು. ವ್ಯಾಗನ್ ಮೇಲೆ ಹನ್ನೊಂದು ಅಂಕಿಗಳ ಸಂಖ್ಯೆ ಇರುತ್ತದೆ. ಕೊನೆಯ ಅಂಕಿ ಉಳಿದ ಹತ್ತರ ಕಾವಲುಗಾರ. ಎರಡು, ನಾಲ್ಕು, ಆರು ಹೀಗೆ ಸಮಸ್ಥಾನದ ಅಂಕಿಗಳನ್ನು ಕೂಡಿ, ಮೂರರಿಂದ ಗುಣಿಸಿ, ಉಳಿದ ಅಂಕಿಗಳನ್ನೂ ಸೇರಿಸಿದರೆ ಮೊತ್ತ ಸೊನ್ನೆಯಲ್ಲಿ ಮುಗಿಯಬೇಕು. ಒಂದೇ ಒಂದು ಅಂಕಿ ತಪ್ಪಾಗಿದ್ದರೂ ಮುಗಿಯದು. ಕಳ್ಳ ಸಿಕ್ಕಿಬಿದ್ದ!

ನಿವೃತ್ತಿಯಾದ ಮೇಲೆ ವ್ಯಾಗನ್ನುಗಳೆಲ್ಲಿ ಬರಬೇಕು? ಅವರು ಜನರ ಮೊಬೈಲ್ ನಂಬರು ಹಿಡಿದರು. ಅದು ಹತ್ತೇ ಅಂಕಿ, ಆದರೆ ಮುಂದೊಂದು ಸೊನ್ನೆ ಸೇರಿಸಿದರೆ ಹನ್ನೊಂದಾಯಿತಲ್ಲ! ಮೊಬೈಲ್ ನಂಬರಿಗೆ ಯಾವ ಕಾವಲುಗಾರನೂ ಇಲ್ಲ. ಹತ್ತರಲ್ಲಿ ಒಂದು ತಾನಾಗಿ ಹೊಂದಿಕೊಂಡೀತು, ಅಷ್ಟೆ. ಹೀಗಾಗಿ ಅವರ ಪಾಲಿಗೆ ಹತ್ತು ಜನರಲ್ಲಿ ಒಂಬತ್ತು ಜನ ಅನುಮಾನದವರೇ.

ಇದೊಂದೂ ಗೊತ್ತಿಲ್ಲದೆ, ನಮ್ಮ ಬ್ಯಾಂಕಿನ ಕಿಶೋರ್ "ಮನೆ ಗೊತ್ತುಮಾಡಿದ್ದೇನೆ, ಬನ್ನಿ" ಎಂದದ್ದನ್ನು ನಂಬಿ ಸಾಮಾನಿನ ಲಾರಿಯ ಸಮೇತ ಹೋಗಿ ಗೇಟಿನಲ್ಲಿ ನಿಂತೆ.

"ನಂಬರ್ ಹೇಳ್ರಿ."

ಹೇಳಿದೆ. ಬಾಲಚಂದ್ರಪ್ಪನವರು ಕಣ್ಣುಮುಚ್ಚಿ ತುಟಿ ಅಲ್ಲಾಡಿಸಿದರು.

"ಎಂಬತ್ತೇಳು. ಸೊನ್ನಿ ಎಲ್ಲೈತ್ರಿ?"

"ಕಂಪನಿಯವರು ಕೊಟ್ಟದ್ದು ಸರ್, ನಾನು ಮಾಡಿದ್ದಲ್ಲ."

"ಎಲ್ಲಾರೂ ಹಿಂಗ ಅಂತಾರ."

ನನ್ನ ಹೆಂಡತಿ ಸುಮಿತ್ರಾ ತನ್ನ ನಂಬರು ಹೇಳಿ ನೋಡಿದಳು. ತೊಂಬತ್ನಾಲ್ಕು.

"ಗಂಡಗ ತಕ್ಕ ಹೆಂಡ್ತಿ," ಎಂದು ಗೇಟಿನ ಚಿಲಕಕ್ಕೆ ಕೈಹಾಕಿದರು.

"ಸಾಹೇಬ್, ಸಾಮಾನ್ ಉತಾರು ಕೆ ನೈ?" ಲಾರಿಯವನ ಕೂಗು. ಇಳಿಸಲೋ ಬೇಡವೋ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಅಷ್ಟರಲ್ಲಿ ಅವರ ಹೆಂಡತಿ ಗೌರಮ್ಮ ನೀರು ತಂದರು. "ತಗೋರಿ. ನನ್ ನಂಬರೂ ತಪ್ಪ ಐತವ್ವಾ. ಗೊತ್ತಾದಾಗಿಂದ ಅಡಗಿಮನಿ ಡಬ್ಬಿ ಎಣಿಸ್ತಾರ." ಗಂಡನ ಕಡೆ ತಿರುಗಿದರು. "ಹಿಂದಿನ ಬಾಡಿಗ್ಯಾಂವಂದು ಸರಿ ಇತ್ತಲ್ಲ? ಗೀಸರ್ ಕಿತ್ಕೊಂಡು ಹ್ವಾದ!"

"ಅದು ಅವನ ನಂಬರಲ್ಲ ಬಿಡ. ಯಾರದೋ ಕದ್ದಿರ್ತಾನ."

"ಹಂಗಾರ ಇವರು ತಮ್ಮದ ಹೇಳ್ಯಾರ. ಕದಿಯಾಂವ ತಪ್ಪ ನಂಬರ್ ಯಾಕ ಕದೀತಾನ?"

ಬಾಲಚಂದ್ರಪ್ಪನವರು ಚಿಲಕ ಬಿಟ್ಟರು.

"ತಪ್ಪ ಅಂತ ಗೊತ್ತಾದ ವ್ಯಾಗನ್ ಮುಂದ ಬಿಡಂಗಿಲ್ರೀ. ಯಾರ್ಡಿನ್ಯಾಗ ನಿಲ್ಲಿಸ್ಕೊಂಡು ನೋಡ್ತೀವಿ. ಇಳಸ್ರಿ ಸಾಮಾನು."

ಎರಡು ವರ್ಷವಾಯಿತು, ಯಾರ್ಡಿನಲ್ಲಿದ್ದೇವೆ. ದಿನಾ ಬೆಳಿಗ್ಗೆ ಬಾಲಚಂದ್ರಪ್ಪನವರು ಮಹಡಿಯ ನಮ್ಮ ಮನೆಗೆ ಬಂದು "ನೀರು ಬಿಸಿ ಬರ್ತಾವೇನ್ರಿ?" ಎಂದು ವಿಚಾರಿಸಿ, ಹೊಸ ಗೀಸರನ್ನು ಕೈಯಿಂದ ಮುಟ್ಟಿ ನೋಡಿ ಹೋಗುತ್ತಾರೆ.

ಈಚೆಗೆ ನನಗೂ ಆ ಚಟ ಅಂಟಿದೆ. ಮೊನ್ನೆ ಕಿಶೋರನ ನಂಬರು ಕೂಡಿ ನೋಡಿದೆ. ಸರಿಯಾಗಿ ಸೊನ್ನೆ ಬಂತು. ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟಿದ್ದೇನೆ.