ನಮ್ಮ ಮನೆಯವರ ಕರಿ ಬೂಟು

ಆ ಸೋಮವಾರವೂ ನಮ್ಮ ಮನೆಯವರು, ಹನುಮಂತ್ರಾಯ, ರೊಟ್ಟಿ ತಿಂದು ಕರಿ ಬೂಟಿನೊಳಗೆ ಕಾಲು ತುರುಕಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ, ಹೆಬ್ಬೆರಳಲ್ಲಿ ಗಾಯ. ಬಿಗಿ ಬೂಟು ಬೇಡವೆಂದು ಮಾನ್ವಿಯ ಡಾಕ್ಟರು ಹೇಳಿದ್ದರು.

“ಚಪ್ಪಲಿ ಹಾಕ್ಕೊಂಡು ಹೋಗ್ರಿ,” ಅಂದೆ.

“ಮ್ಯಾನೇಜರ್ ಸಾಹೇಬ ಒಳಗ ಬಿಡಂಗಿಲ್ಲ ಬೇ. ಆಫೀಸಿನ ಮರ್ಯಾದಿ ಹೋಗ್ತದಂತ.”

“ಅವರ ಮರ್ಯಾದಿ ನಿಮ್ಮ ಕಾಲಾಗ ಅದ ಏನ್ರಿ?”

ನಕ್ಕು ಹೋದರು.

ದೇವದುರ್ಗದ ಫೈನಾನ್ಸ್ ಆಫೀಸಿನಲ್ಲಿ ಅವರು ಜವಾನರಾಗಿ ವರ್ಷಗಟ್ಟಲೆ ಚಪ್ಪಲಿಯಲ್ಲೇ ಚಹಾ ಕೊಟ್ಟವರು, ಫೈಲು ಹೊತ್ತವರು. ಆಗ ಯಾರ ಮರ್ಯಾದೆಯೂ ಹೋಗಿರಲಿಲ್ಲ. ರಾಯಚೂರಿಗೆ ವರ್ಗವಾದ ಮೇಲೆ ಬೂಟು, ಟೈ ಎಲ್ಲಾ ಬಂತು. ಈ ಊರಿನ ಬಿಸಿಲಲ್ಲಿ ಟೈ ಕಟ್ಟಿದವರನ್ನು ನೋಡಿದರೆ ಎಮ್ಮೆಯೂ ನಗುತ್ತದೆ.

ಆ ಸೋಮವಾರ ಸಂಜೆ ಅವರಿಗೆ ಜ್ವರ ಬಂತು. ಗಾಯ ಕೊಳೆತು, ನಂಜು ಮೈಗೇರಿ, ವಾರದೊಳಗೆ ತೀರಿಕೊಂಡರು.

ಮಣ್ಣಿನ ದಿನ ಸಾಹೇಬ ಮನೆಗೆ ಬಂದ. ಬಾಗಿಲಲ್ಲೇ ಬೂಟು ಬಿಚ್ಚಿದ. ಬರಿಗಾಲಲ್ಲಿ ನಿಂತರೂ ಅವನ ಮರ್ಯಾದೆ ಏನೂ ಹೋಗಲಿಲ್ಲ. “ನಿಮಗೂ ಆಫೀಸಿನ್ಯಾಗ ಕೆಲಸ ಕೊಡ್ತೀವಿ ಯವ್ವಾ,” ಅಂದ.

ಹೊಟ್ಟೆ ಕೇಳುವುದಿಲ್ಲ, ಹೋಗುತ್ತೇನೆ. ಕಸ ಗುಡಿಸುವವಳಿಗೆ ಡ್ರೆಸ್ ಕೋಡ್ ಇಲ್ಲವಂತೆ. ಗಿರಾಕಿಗಳು ಬರುವ ಮೊದಲೇ ಅಲ್ಲಿಂದ ಹೊರಡಬೇಕಂತೆ. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಸಾಹೇಬನ ಬೂಟಿನ ಗುರುತು ಒರೆಸುತ್ತೇನೆ.